ಕಾಲೇಜಿಗೆ ಗೇಮಿಂಗ್ ಲ್ಯಾಪ್‌ಟಾಪ್: ಸ್ಟಿಕ್ಕರ್ ಹೇಳದ ವಾಟ್ ಲೆಕ್ಕ

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಫೀಸು, ಹಾಸ್ಟೆಲ್ ಜತೆಗೆ ಇನ್ನೊಂದು ಖರ್ಚಿನ ಮಾತು ಏಳುತ್ತದೆ: ಲ್ಯಾಪ್‌ಟಾಪ್. ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜಿಗೆ ಹೋಗುವವರಿರಲಿ, ಶಿವಮೊಗ್ಗಕ್ಕೋ ಹಾಸನಕ್ಕೋ ಹೊರಟವರಿರಲಿ, ಅನೇಕ ಮಕ್ಕಳು ಕೇಳುವುದು ಗೇಮಿಂಗ್ ಲ್ಯಾಪ್‌ಟಾಪನ್ನೇ. ಓದುವುದಕ್ಕೆ ಆಟದ ಯಂತ್ರ ಯಾಕೆ ಎಂದು ಹೆತ್ತವರು ಕೇಳುತ್ತಾರೆ. ಸಾಫ್ಟ್‌ವೇರ್ ಓಡಬೇಕಲ್ಲ ಎಂದು ಮಕ್ಕಳು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಎಪ್ಪತ್ತು ಸಾವಿರದಿಂದ ಒಂದು ಲಕ್ಷದವರೆಗೆ ಹೋಗುವ ಈ ಖರೀದಿಯಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡೋಣ.

ಇಂಥ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡುವ ಚಿಪ್‌ಗಳು ಎರಡಿರುತ್ತವೆ. ಒಂದು ಪ್ರೊಸೆಸರ್. ಇದು ಜಟಿಲವಾದ ಕೆಲಸಗಳನ್ನು ಕೆಲವೇ ಸಾಲುಗಳಲ್ಲಿ ಬಹಳ ವೇಗವಾಗಿ ಮುಗಿಸುತ್ತದೆ. ಇನ್ನೊಂದು ಗ್ರಾಫಿಕ್ಸ್ ಚಿಪ್. ಸುಲಭವಾದ ಲೆಕ್ಕಗಳನ್ನು ಸಾವಿರಗಟ್ಟಲೆ ಒಟ್ಟಿಗೆ ಮಾಡುವುದು ಇದರ ಕೆಲಸ. ಸಾಮಾನ್ಯ ಪರದೆಯೊಂದರಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ. ಆಟದಲ್ಲಿ ಅವುಗಳ ಬಣ್ಣವನ್ನೆಲ್ಲ ಸೆಕೆಂಡಿಗೆ 60 ಸಲವಾದರೂ ಹೊಸದಾಗಿ ಲೆಕ್ಕ ಹಾಕಬೇಕು. ಯಂತ್ರದ ಬಿಡಿಭಾಗವೊಂದರ ಮೂರು ಆಯಾಮದ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ನೋಡುವುದೂ ಇದೇ ಬಗೆಯ ಲೆಕ್ಕ. ಕೃತಕ ಬುದ್ಧಿಮತ್ತೆಯ ಮಾದರಿಗೆ ತರಬೇತಿ ಕೊಡುವುದೂ ಬಹುಪಾಲು ಇದೇ. ಹಾಗಾಗಿ ಆಟಕ್ಕೆಂದು ಬಂದ ಚಿಪ್ ಓದಿಗೂ ಒದಗುತ್ತದೆ.

ಆದರೆ ಎಲ್ಲರ ಓದಿಗೂ ಅಲ್ಲ. ಮೊದಲ ವರ್ಷದ ಪ್ರೋಗ್ರಾಮಿಂಗ್ ಪಾಠಗಳು, ಕಂಪ್ಯೂಟರ್ ಮೇಲಿನ ಎಂಜಿನಿಯರಿಂಗ್ ಡ್ರಾಯಿಂಗ್, ಇವೆಲ್ಲ 16 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ ತೊಡಕಿಲ್ಲದೆ ನಡೆಯುತ್ತವೆ. ರ‍್ಯಾಮ್ ಎಂದರೆ ಸದ್ಯಕ್ಕೆ ಬೇಕಾದುದನ್ನು ಹರಡಿಕೊಳ್ಳುವ ಜಾಗ. ಕಂಪ್ಯೂಟರ್ ಸೈನ್ಸ್‌ನವರಿಗೆ ಮುಂದೆಯೂ ಹೆಚ್ಚು ಬೇಕಾಗುವುದು ಈ ಜಾಗವೇ ಹೊರತು ಗ್ರಾಫಿಕ್ಸ್ ಚಿಪ್ ಅಲ್ಲ. ಸಿವಿಲ್‌ನವರ ಆಟೋಕ್ಯಾಡ್‌ನ ಸಮತಲ ನಕ್ಷೆಗಳು ಪ್ರೊಸೆಸರನ್ನೇ ನೆಚ್ಚಿಕೊಂಡಿವೆ. ಮೆಕ್ಯಾನಿಕಲ್‌ನವರಿಗೆ, ಆರ್ಕಿಟೆಕ್ಚರ್‌ನವರಿಗೆ ಮತ್ತು ಕೃತಕ ಬುದ್ಧಿಮತ್ತೆಯನ್ನೇ ಓದುವವರಿಗೆ ಗ್ರಾಫಿಕ್ಸ್ ಚಿಪ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಇರುವುದರಿಂದ ಮೆಕ್ಯಾನಿಕಲ್‌ನವರು ಮ್ಯಾಕ್‌ಬುಕ್ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಬೇಕು. ಮಾದರಿಗಳಿಗೆ ತರಬೇತಿ ಕೊಡುವ ಸಣ್ಣ ಅಭ್ಯಾಸಗಳಿಗೆ ಗೂಗಲ್‌ನ ಕೊಲ್ಯಾಬ್ ಸೇವೆಯಲ್ಲಿ ಮಿತಿಯೊಳಗೆ ಉಚಿತವಾಗಿಯೇ ಗ್ರಾಫಿಕ್ಸ್ ಚಿಪ್ ಸಿಗುತ್ತದೆ ಎಂಬುದೂ ತಿಳಿದಿರಲಿ.

ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಎಂದು ತೀರ್ಮಾನವಾದರೆ ನಿಜವಾದ ಆಯ್ಕೆ ಅಲ್ಲಿಂದ ಶುರುವಾಗುತ್ತದೆ. ಅಂಗಡಿಯಲ್ಲಿ ಆರ್‌ಟಿಎಕ್ಸ್ 4060 ಎಂದು ಬರೆದ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕದಲ್ಲಿದ್ದು, ಬೆಲೆಯಲ್ಲಿ ಹದಿನೈದು ಸಾವಿರ ವ್ಯತ್ಯಾಸವಿರಬಹುದು. ಕಡಿಮೆ ಬೆಲೆಯದೇ ಲಾಭ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಚಿಪ್ಪನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟು ವಿದ್ಯುತ್ತಿಗೆ ಬೇಕಾದರೂ ಹೊಂದಿಸಿಕೊಳ್ಳಲು ಅದನ್ನು ತಯಾರಿಸುವ ಎನ್ವಿಡಿಯಾ ಕಂಪನಿಯೇ ಅವಕಾಶ ಕೊಟ್ಟಿದೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಬಿಸಿ ಹೊರಹಾಕಲು ಜಾಗವಿಲ್ಲದ ಕಾರಣ ತಯಾರಕರು ಕಡಿಮೆ ವಾಟ್ ಕೊಡುತ್ತಾರೆ. ದಪ್ಪನೆಯದರಲ್ಲಿ ಪೂರ್ತಿ ಕೊಡುತ್ತಾರೆ. ತೋಟದ ಬೋರ್‌ವೆಲ್‌ಗೆ ದೊಡ್ಡ ಮೋಟರ್ ಇಳಿಸಿ ವೋಲ್ಟೇಜ್ ಸಾಲದೇ ಹೋದರೆ ನೀರು ಹೇಗೆ ಬರುತ್ತದೆಂದು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆ ವಾಟ್‌ನ 4060 ಚಿಪ್, ಪೂರ್ತಿ ವಾಟ್ ಪಡೆದ 4050ಕ್ಕಿಂತ ಹಿಂದೆ ಬೀಳಲೂಬಹುದು. ಚಿಪ್‌ಗೆ ಕೊಟ್ಟ ಈ ವಾಟ್ ಅಂಕಿಯನ್ನು ಟಿಜಿಪಿ ಎನ್ನುತ್ತಾರೆ. ಹೊರಗಿನ ಸ್ಟಿಕ್ಕರ್ ಮೇಲೆ ಇದನ್ನು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಕಂಪನಿಯ ವಿವರಪಟ್ಟಿಯಲ್ಲಿ ನೋಡಬೇಕು.

ಗ್ರಾಫಿಕ್ಸ್ ಚಿಪ್‌ಗೆ ತನ್ನದೇ ಮೆಮೊರಿಯೂ ಉಂಟು. 4050ರಲ್ಲಿ ಅದು 6 ಜಿಬಿ, 4060ರಲ್ಲಿ 8. ರ‍್ಯಾಮನ್ನು ಬಹಳಷ್ಟು ಮಾದರಿಗಳಲ್ಲಿ ಆಮೇಲೆ ಹೆಚ್ಚಿಸಿಕೊಳ್ಳಬಹುದು, ಇದನ್ನು ಹೆಚ್ಚಿಸಲಾಗದು. ನಾಲ್ಕು ವರ್ಷ ಬಳಸುವವರು 6 ಜಿಬಿಗಿಂತ ಕೆಳಗಿಳಿಯದಿರುವುದು ಒಳ್ಳೆಯದು. ರ‍್ಯಾಮ್ ವಿಷಯದಲ್ಲಿ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳಿದ್ದರೆ ಮಾಹಿತಿ ಓಡಾಡಲು ಎರಡು ದಾರಿ ಸಿಗುತ್ತದೆ.

ವಿದ್ಯುತ್ ತಿಂದ ಚಿಪ್ ಅದನ್ನೆಲ್ಲ ಶಾಖವಾಗಿ ಹೊರಬಿಡಲೇಬೇಕು. ಆ ಶಾಖ ಮಿತಿ ಮೀರಿದರೆ ತನ್ನನ್ನು ಕಾಪಾಡಿಕೊಳ್ಳಲು ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮಲೆನಾಡಿನ ಮಳೆಯ ನೆರಳಿನಲ್ಲಿರುವ ಕಡೂರಿನ ಬೇಸಿಗೆಯಲ್ಲಿ, ಧೂಳಿನಲ್ಲಿ, ಫ್ಯಾನಿನ ಕಿಂಡಿಗಳು ಬೇಗ ಕಟ್ಟಿಕೊಳ್ಳುತ್ತವೆ. ಹಾಸಿಗೆಯ ಮೇಲಿಟ್ಟು ಬಳಸಿದರೆ ಕೆಳಗಿನ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ತಳವನ್ನು ಬಿಚ್ಚಿ ಧೂಳು ತೆಗೆಯುವುದು ಸುಲಭವಾಗಿರುವ ಮಾದರಿ ಈ ಸೀಮೆಗೆ ಹೆಚ್ಚು ಬಾಳುತ್ತದೆ.

ಬ್ಯಾಟರಿಯ ಬಗ್ಗೆ ಮಕ್ಕಳಿಗೂ ತಪ್ಪು ನಿರೀಕ್ಷೆ ಇದೆ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವಾಟ್-ಅವರ್ ಆದ್ದರಿಂದ ಯಾವ ದೊಡ್ಡ ಲ್ಯಾಪ್‌ಟಾಪೂ ಅದನ್ನು ಮೀರುವುದಿಲ್ಲ. 80 ವಾಟ್-ಅವರ್ ಬ್ಯಾಟರಿಯಿಂದ 150 ವಾಟ್ ಎಳೆದರೆ ಅರ್ಧ ಗಂಟೆಯಲ್ಲಿ ಖಾಲಿ. ಅಷ್ಟು ವಿದ್ಯುತ್ತನ್ನು ಒಮ್ಮೆಗೇ ಕೊಡಲೂ ಬ್ಯಾಟರಿಗೆ ಆಗದು, ಹಾಗಾಗಿ ಪ್ಲಗ್ ಕಿತ್ತೊಡನೆ ವೇಗ ಇಳಿಯುತ್ತದೆ. ಬರಹ, ಕೋಡಿಂಗ್‌ನಂಥ ಹಗುರ ಕೆಲಸಕ್ಕಾದರೆ ನಾಲ್ಕೈದು ಗಂಟೆ ನಿರೀಕ್ಷಿಸಬಹುದು. ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಆಟವಾಡಿದರೆ ಈ ಒಂದೇ ಯಂತ್ರ ಹತ್ತಿಪ್ಪತ್ತು ಎಲ್‌ಇಡಿ ಬಲ್ಬುಗಳಷ್ಟು ಎಳೆದುಕೊಳ್ಳುತ್ತದೆ. ಪ್ಲಗ್‌ಗೆ ಹಾಕಿದ ಲ್ಯಾಪ್‌ಟಾಪನ್ನು ಮುಟ್ಟಿದಾಗ ಜುಮ್ಮೆನ್ನಿಸಿದರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ.

ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಂತ್ರ ಎರಡೂಕಾಲು ಕಿಲೋ, ಅಡಾಪ್ಟರ್ ಇನ್ನರ್ಧ ಕಿಲೋಗೂ ಮೇಲೆ. ಹಾಸ್ಟೆಲ್‌ನಲ್ಲಿರುವವರಿಗೆ ಇದೊಂದು ತೊಂದರೆಯಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ ದಿನವೂ ಬಸ್ಸಿನಲ್ಲೋ 2013ರಲ್ಲಿ ಶುರುವಾದ ರೈಲಿನಲ್ಲೋ ಓಡಾಡುವ ಹುಡುಗ ಹುಡುಗಿಯರ ಬೆನ್ನಿಗೆ ಅದು ನಾಲ್ಕು ವರ್ಷದ ಹೊರೆ. ದುರಸ್ತಿಯ ಮಾತೂ ಇಲ್ಲೇ ಬರುತ್ತದೆ. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಊರಿನ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕಂಪನಿಗೆ ಫೋನ್ ಮಾಡಿ ಕೇಳಿ.

ಕೊನೆಯದಾಗಿ ದುಡ್ಡು. ಕಾಲೇಜು ಶುರುವಾಗುವ ಹೊತ್ತಿಗೆ ಈ ಸೀಮೆಯ ಅಡಿಕೆ ಇನ್ನೂ ಮರದಲ್ಲಿರುತ್ತದೆ, ಇಲ್ಲವೇ ಸುಲಿಯಲು ಆಗಷ್ಟೇ ಶುರುವಾಗಿರುತ್ತದೆ. ಕೈಯಲ್ಲಿ ಕಾಸಿಲ್ಲದ ಆ ಹೊತ್ತಿನಲ್ಲೇ ಬಡ್ಡಿಯಿಲ್ಲದ ಕಂತು ಕಣ್ಣಿಗೆ ಬೀಳುತ್ತದೆ. ಅಲ್ಲಿ ಬಡ್ಡಿಯನ್ನು ರಿಯಾಯಿತಿಯ ರೂಪದಲ್ಲಿ ಸರಿದೂಗಿಸಿರುತ್ತಾರೆ. ಕಾರ್ಡ್ ಕಂತಿನಲ್ಲಾದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಬ್ಯಾಂಕಿನ ಶುಲ್ಕವನ್ನು ಸಾಮಾನ್ಯವಾಗಿ ನೀವೇ ಕಟ್ಟುತ್ತೀರಿ. ನಗದು ಕೊಟ್ಟರೆ ಬೆಲೆ ಎಷ್ಟೆಂದು ಕೇಳಿಕೊಂಡ ಮೇಲೆಯೇ ಹೋಲಿಸಬೇಕು.

ಇಷ್ಟನ್ನೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೇಳುವುದಾದರೆ, ಮೊದಲ ಸೆಮಿಸ್ಟರ್‌ನಲ್ಲಿ ಗೇಮಿಂಗ್ ಲ್ಯಾಪ್‌ಟಾಪಿಗೆ ಅವಸರ ಬೇಡ. ಮನೆಯಲ್ಲಿ ಹಳೆಯದೊಂದು ಇದ್ದರೆ ಅದನ್ನೂ ಕಾಲೇಜಿನ ಲ್ಯಾಬನ್ನೂ ಬಳಸಿ. ವಿಭಾಗದ ಹಿರಿಯ ವಿದ್ಯಾರ್ಥಿಗಳು ಮೂರನೆಯ ಸೆಮಿಸ್ಟರ್‌ನಲ್ಲಿ ಯಾವ ತಂತ್ರಾಂಶ ಬಳಸುತ್ತಾರೆ ಎಂದು ಕೇಳಿ ತಿಳಿದು, ಅಡಿಕೆ ದುಡ್ಡು ಬಂದ ಮೇಲೆ ಕೊಳ್ಳಿ. ಆಗ ಅಂಗಡಿಯಲ್ಲಿ ಚಿಪ್‌ನ ಹೆಸರು ಹೇಳಿದವರನ್ನು ಅದರ ವಾಟ್ ಎಷ್ಟು ಎಂದು ಕೇಳಿ. ಉತ್ತರ ಸಿಗದಿದ್ದರೆ, ಸಿಗುವವರೆಗೆ ಮುಂಗಡ ಕೊಡಬೇಡಿ.