ಇಂಡಿಯಾ ಗೇಟಿನ ಹೆಸರುಗಳು ಯಾರವು?

ದೆಹಲಿಯ ಇಂಡಿಯಾ ಗೇಟನ್ನು ಕುರಿತು ಕೆಲವು ವರ್ಷಗಳಿಂದ ಒಂದು ಮಾತು ಕೇಳಿಬರುತ್ತಿದೆ. ಅದು ಪರಕೀಯರು ಕಟ್ಟಿದ್ದು, ದಾಸ್ಯದ ಕುರುಹು, ನಮ್ಮದಲ್ಲ ಎಂಬುದೇ ಆ ಮಾತು. ಕೇಳುವುದಕ್ಕೆ ಇದು ಸ್ವಾಭಿಮಾನದ ನುಡಿ. ವಿಚಾರಿಸಿ ನೋಡಿದರೆ ಕೃತಘ್ನತೆಯ ನುಡಿ.

ಕಟ್ಟಿದವರು ಪರಕೀಯರೆಂಬುದು ದಿಟ. 1921ರಲ್ಲಿ ಅಡಿಗಲ್ಲು ಬಿದ್ದು 1931ರಲ್ಲಿ ಉದ್ಘಾಟನೆಗೊಂಡ ಆ 42 ಮೀಟರ್ ಎತ್ತರದ ಕಮಾನಿನ ಶಿಲ್ಪಿ ಆಂಗ್ಲನಾದ ಲಟ್ಯೆನ್ಸ್. ಆದರೆ ಅದರ ಮೇಲೆ ಕೊರೆದ 13 ಸಾವಿರಕ್ಕೂ ಮಿಕ್ಕ ಹೆಸರುಗಳಲ್ಲಿ ಬಹುಪಾಲು ಯಾರವು? ಒಂದನೆಯ ಮಹಾಯುದ್ಧದಲ್ಲಿಯೂ 1919ರ ಆಫ್ಘನ್ ಯುದ್ಧದಲ್ಲಿಯೂ ಮಡಿದ ಈ ನಾಡಿನ ಮಕ್ಕಳವು. ಕಲ್ಲು ದೊರೆಯದಾಗಿರಬಹುದು, ಹೆಸರು ದೊರೆಯದಲ್ಲ.

ಸಮೀಪದ ಮಂಟಪದಲ್ಲಿದ್ದ ಐದನೆಯ ಜಾರ್ಜ್ ದೊರೆಯ ಮೂರ್ತಿಯನ್ನು 1968ರಲ್ಲಿ ತೆಗೆದರು, ಯುಕ್ತವೇ ಆಯಿತು. ಬರಿದಾಗಿದ್ದ ಆ ಮಂಟಪದಲ್ಲಿ 2022ರಲ್ಲಿ ನೇತಾಜಿಯವರ ಮೂರ್ತಿ ನೆಲೆಗೊಂಡಿತು. ಅದನ್ನು ಕಡೆದ ಅರುಣ್ ಯೋಗಿರಾಜರು ಮೈಸೂರಿನವರೆಂಬುದು ನಮಗೆಲ್ಲ ಹೆಮ್ಮೆ. ಆದರೆ ನೇತಾಜಿಯವರ ಸೇನೆಯ ಯೋಧರಲ್ಲಿ ಸಹಸ್ರಾರು ಮಂದಿ ಅದೇ ಬ್ರಿಟಿಷ್ ಭಾರತೀಯ ಸೇನೆಯಿಂದ ಬಂದವರೆಂಬುದನ್ನು ಮರೆಯಬಹುದೆ?

1972ರಿಂದ ಕಮಾನಿನಡಿ ಬೆಳಗಿದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಡನೆ ಕೂಡಿಸಿದರು. ಸ್ವತಂತ್ರ ಭಾರತದ ಯೋಧರಿಗೆ ತಮ್ಮದೇ ಸ್ಮಾರಕವಿರಬೇಕು. ಅದರಲ್ಲಿ ನಮಗೆ ತಕರಾರಿಲ್ಲ. ಹಳೆಯ ಹೆಸರುಗಳು ಬ್ರಿಟಿಷರಿಗಾಗಿ ಕಾದಿದವರವು ಎಂಬ ತಾತ್ಸಾರದಲ್ಲಿ ಮಾತ್ರ ತಕರಾರುಂಟು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರಿನ ಅಶ್ವದಳವೂ ಇದ್ದಿತು. 2018ರಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರನ್ನು ಸೇರಿಸಿ ಅವರನ್ನು ಗೌರವಿಸಿದೆವು. ಅವರು ಕಾದಿದ್ದೂ ಅದೇ ಸಾಮ್ರಾಜ್ಯದ ಪಕ್ಷದಲ್ಲಿಯೇ. ಒಂದೇ ಯುದ್ಧದ ಯೋಧರು ಒಂದು ಚೌಕದಲ್ಲಿ ವೀರರು, ಇನ್ನೊಂದು ಕಮಾನಿನಲ್ಲಿ ದಾಸರು! ಇದಾವ ನ್ಯಾಯ?

ಅವರ ರಕ್ತಕ್ಕೆ ಸಾಮ್ರಾಜ್ಯವು ಕೊಟ್ಟ ಪ್ರತಿಫಲವೇನು? 1919ರ ರೌಲತ್ ಶಾಸನ, ಜಲಿಯನ್‌ವಾಲಾಬಾಗಿನ ಗುಂಡು. ಮಡಿದವರ ನಿಷ್ಠೆ, ಆಳಿದವರ ವಂಚನೆ ಎರಡಕ್ಕೂ ಆ ಕಮಾನು ಸಾಕ್ಷಿ. ಸಾಕ್ಷಿಯನ್ನು ಪರಕೀಯನೆಂದು ಹೊರದೂಡಿದರೆ ಲಾಭವಾಗುವುದು ವಂಚಿಸಿದವನಿಗೇ ಹೊರತು ನಮಗಲ್ಲ.

ಈ ಮಠದಲ್ಲಿ ಓದಿ ಇಂದು ಅಧ್ಯಾಪಕರಾಗಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮಕ್ಕಳನ್ನು ದೆಹಲಿಗೆ ಪ್ರವಾಸ ಕರೆದೊಯ್ದಾಗ ಭಾವಚಿತ್ರ ತೆಗೆಸಿ ಹಿಂದಿರುಗಬೇಡಿರಿ. ಕಲ್ಲಿನ ಮೇಲಿನ ಒಂದಾದರೂ ಹೆಸರನ್ನು ಅವರಿಂದ ಓದಿಸಿರಿ. ಅವನು ಯಾರಿಗಾಗಿ ಸತ್ತನು, ಏನನ್ನು ನಂಬಿ ಹೋದನು ಎಂದು ಮಕ್ಕಳು ಕೇಳಿದರೆ ಉತ್ತರಿಸಲು ಸಿದ್ಧರಾಗಿರಿ.