ನಲವತ್ತಕ್ಕೆ ಮೂವತ್ತಾರು

ನರ್ಸಿಂಗ್ ಶಿಕ್ಷಣದ ಬಗ್ಗೆ ನಮ್ಮಲ್ಲಿ ಸಂಶೋಧನೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವುದೇ ನರ್ಸಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ನೋಡಿ. ಎಂ.ಎಸ್ಸಿ. ಪ್ರಬಂಧಗಳು ಕಪಾಟು ತುಂಬ ಕುಳಿತಿರುತ್ತವೆ. ರಟ್ಟಿನ ಬಣ್ಣ ಬೇರೆ ಬೇರೆ, ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ: ಇಂಥ ರೋಗದ ಬಗ್ಗೆ ಇಂಥವರ ತಿಳಿವಳಿಕೆಯ ಮೇಲೆ ವ್ಯವಸ್ಥಿತ ಬೋಧನಾ ಕಾರ್ಯಕ್ರಮದ ಪರಿಣಾಮ. ಮೊದಲು ನಲವತ್ತು ಪ್ರಶ್ನೆ ಕೊಡುವುದು, ಮುಕ್ಕಾಲು ತಾಸು ಪಾಠ ಹೇಳುವುದು, ಏಳು ದಿನ ಬಿಟ್ಟು ಅವೇ ನಲವತ್ತು ಪ್ರಶ್ನೆ ಮತ್ತೆ ಕೊಡುವುದು. ಅಂಕ ಏರಿರುತ್ತದೆ. ಏರದೆ ಇನ್ನೇನು ಮಾಡೀತು? ಪಾಠ ಪರಿಣಾಮಕಾರಿ ಎಂದು ಬರೆದು ಬೈಂಡು ಹಾಕಿಸಿದರೆ ಪದವಿ ಕೈಗೆ ಬಂತು.

ಬೇರೆಯವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಕಪಾಟಿನಲ್ಲಿ ನನ್ನದೂ ಒಂದಿದೆ. ನನ್ನ ವಿಷಯ ಹೆರಿಗೆಯ ನಂತರದ ರಕ್ತಸ್ರಾವ. ಬೆಳಗಾವಿಯಲ್ಲಿ ನಾನೇ ಕಲಿಸುತ್ತಿದ್ದ ಹುಡುಗಿಯರಿಗೆ ಪ್ರಶ್ನೆ ಹಂಚಿದೆ, ಪಾಠ ಹೇಳಿದೆ, ಮತ್ತೆ ಹಂಚಿದೆ. ಕೊಪ್ಪಳ ಕಡೆಯ ಒಬ್ಬ ಹುಡುಗಿ ನಲವತ್ತಕ್ಕೆ ಮೂವತ್ತಾರು ತೆಗೆದಳು. ಬಹಳ ಹಿಗ್ಗಿದೆ.

ಕೆಲವು ತಿಂಗಳ ನಂತರ ಅದೇ ಹುಡುಗಿಯನ್ನು ಖಾನಾಪುರ ತಾಲೂಕಿನ ಒಂದು ಹೆರಿಗೆ ವಾರ್ಡಿಗೆ ಹಾಕಿದ್ದೆವು. ಮಳೆಗಾಲ, ಸಂಜೆಯ ಹೊತ್ತು. ಕಣಕುಂಬಿ ಕಡೆಯ ಒಬ್ಬ ಬಾಣಂತಿ, ಹೆತ್ತು ಒಂದು ತಾಸು ಆಗಿರಬೇಕು, “ಅಂಧಾರೀ ಯೇತೇ” ಎಂದಳು. ಕಣ್ಣಿಗೆ ಕತ್ತಲೆ ಬರುತ್ತಿದೆ ಎಂದು ಮರಾಠಿಯಲ್ಲಿ ಹಾಗೆ ಹೇಳುತ್ತಾರೆ. ನನ್ನ ಹುಡುಗಿಗೆ ಮರಾಠಿ ಬಾರದು. ಕೋಣೆಯಲ್ಲಿ ಕತ್ತಲೆ ಎನ್ನುತ್ತಿದ್ದಾಳೆಂದು ತಿಳಿದು ಓಡಿಹೋಗಿ ಲೈಟು ಹಾಕಿದಳು. ಅತ್ತಲಿಂದ ಬಂದ ಹಿರಿಯ ಸಿಸ್ಟರ್ “ಲೈಟ್ ಯಾಕ ಹಾಕೀದಿ? ಹೊಟ್ಟಿ ಮುಟ್ಟಿ ನೋಡ ಮೊದ್ಲ!” ಎಂದು ಗದರಿದರು. ಗಟ್ಟಿಯಾಗಿರಬೇಕಾದ ಗರ್ಭಕೋಶ ಮೆತ್ತಗಿತ್ತು. ಹಾಸಿಗೆ ಒದ್ದೆಯಾಗಿತ್ತು. ಸಿಸ್ಟರ್ ಆ ಹುಡುಗಿಯ ಕೈಯನ್ನು ತಮ್ಮ ಕೈಯ ಕೆಳಗೆ ಇಟ್ಟುಕೊಂಡೇ ಹೊಟ್ಟೆ ತಿಕ್ಕಿದರು, ಇಂಜೆಕ್ಷನ್ ಕೊಡಿಸಿದರು, ಡಾಕ್ಟರನ್ನು ಕರೆಸಿದರು. ತಾಯಿ ಉಳಿದಳು.

ಮರುದಿನ ಹುಡುಗಿ ನನ್ನೆದುರು ಅತ್ತಳು. “ಮೇಡಂ, ಉತ್ತರ ನನಗ ಗೊತ್ತಿತ್ರಿ. ಆದ್ರ ಇದು ಅದನ ಅಂತ ತಿಳೀಲಿಲ್ರಿ.”

ನಾನು ಆ ಹೊತ್ತಿಗೆ ಎಲ್ಲಿದ್ದೆ? ಅಲ್ಲಿಂದ 26 ಕಿಲೋಮೀಟರಿನಾಚೆ, ಬೆಳಗಾವಿಯಲ್ಲಿ, ಮರುವಾರದ ತಪಾಸಣೆಗಾಗಿ ರಿಜಿಸ್ಟರು ತುಂಬುತ್ತಿದ್ದೆ. ಆ ರಿಜಿಸ್ಟರಿನಲ್ಲಿ ಅದೇ ದಿನದ ಸಾಲಿನಲ್ಲಿ ‘ಖಾನಾಪುರ, ವಾರ್ಡಿನಲ್ಲಿ ಮೇಲ್ವಿಚಾರಣೆ’ ಎಂದು ನನ್ನ ಸಹಿ ಇದೆ. ತಪ್ಪು ನನ್ನದು. ಆದರೆ ಅಂಥ ಸಹಿ ಹಾಕಿದ ಶಿಕ್ಷಕಿ ನಾನೊಬ್ಬಳೇ ಅಲ್ಲ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು.

ಇದೇ ಜಿಲ್ಲೆಯಲ್ಲಿ ಇದೇ ವಿಷಯದ ಮೇಲೆ ಇನ್ನೊಂದು ಸಂಶೋಧನೆ ನಡೆದಿತ್ತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರೊಂದಿಗೆ ಸೇರಿ 2002ರಿಂದ 2005ರವರೆಗೆ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ಮಾಡಿದರು. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರರಲ್ಲ, ನಮ್ಮ ಎ.ಎನ್.ಎಂ. ಸಿಸ್ಟರುಗಳು. ಹೆತ್ತ ತಾಯಿಯ ಕೆಳಗೆ ಅಳತೆಯ ಚೀಲವಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ, ಎಷ್ಟು ರಕ್ತ ಹೋಯಿತೆಂದು ಅಳೆದರು. ಗುಳಿಗೆ ಪಡೆಯದವರಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವವಾದರೆ, ಪಡೆದವರಲ್ಲಿ 6.4. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದು ಔಷಧದ ಪರೀಕ್ಷೆ, ಬೋಧನೆಯದಲ್ಲ, ಒಪ್ಪುತ್ತೇನೆ. ಆದರೂ ನನಗೆ ನಾಚಿಕೆಯಾಯಿತು. ಅವರು ರಕ್ತ ಅಳೆದರು, ನಾನು ಅಂಕ ಅಳೆದೆ. ಸರಿಯಾಗಿ ಕಲಿಸಿ, ಕೈಗೆ ಸಾಧನ ಕೊಟ್ಟು, ಬೆನ್ನಿಗೆ ನಿಂತರೆ ಹಳ್ಳಿಯ ಸಿಸ್ಟರ್ ಎಂಥ ಕೆಲಸ ಮಾಡಬಲ್ಲಳೆಂಬುದು ಅಲ್ಲಿ ಕಂಡಿತು. ಹಾಗೆ ಕಲಿಸುವವರು ಯಾರು, ಅವರಿಗೆ ಅದಕ್ಕೆ ಬಿಡುವು ಇದೆಯೇ ಎಂದು ನಮ್ಮ ಕಪಾಟಿನ ಪ್ರಬಂಧಗಳು ಕೇಳುವುದು ಅಪರೂಪ.

ಕಾಗದದ ಮೇಲೆ ಎಲ್ಲ ಇದೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕಿ ಇರಬೇಕೆಂದು ಭಾರತೀಯ ನರ್ಸಿಂಗ್ ಪರಿಷತ್ತು ನಿಯಮ ಮಾಡಿದೆ. ಆದರೆ ಕೆಲವು ಕಡೆ ಆ ಹತ್ತಕ್ಕೊಬ್ಬರು ತಪಾಸಣೆಯ ದಿನ ಮಾತ್ರ ಕಾಣುತ್ತಾರೆ. ಉಳಿದ ದಿನ ಒಬ್ಬಳೇ ಮೂವತ್ತು ಹುಡುಗಿಯರನ್ನು ಕಟ್ಟಿಕೊಂಡು ವಾರ್ಡಿನಿಂದ ವಾರ್ಡಿಗೆ ತಿರುಗಬೇಕು. ಬೇಸಿಗೆಯಲ್ಲಿ ಊರೂರು ಅಲೆದು ಅಡ್ಮಿಶನ್ ತರಬೇಕು. ನಿನ್ನೆ ಪದವಿ ಮುಗಿಸಿದ ಹುಡುಗಿ ಇಂದು ಟ್ಯೂಟರ್. ಹೇಗೆ ಕಲಿಸಬೇಕೆಂದು ಅವಳಿಗೆ ತೋರಿಸಿಕೊಟ್ಟವರು ಯಾರೂ ಇಲ್ಲ. ಚುರುಕಾದವರು ಎರಡು ವರ್ಷದಲ್ಲಿ ಗಲ್ಫಿಗೆ ಹೋಗುತ್ತಾರೆ. ಅವರನ್ನು ನಾನು ಬೈಯಲಾರೆ.

ಇತ್ತ ವಾರ್ಡಿನ ಸಿಸ್ಟರ್ ನಿಜವಾಗಿ ಕಲಿಸುತ್ತಾರೆ. ಆದರೆ ಅವರು ಯಾವ ಪಟ್ಟಿಯಲ್ಲೂ ಶಿಕ್ಷಕಿಯಲ್ಲ. ಅವರಿಗೆ ಭತ್ಯೆ ಇಲ್ಲ, ಕೆಲಸದಲ್ಲಿ ರಿಯಾಯಿತಿ ಇಲ್ಲ. ನಾಲ್ಕು ಗೋಡೆಯ ಪಾಠ ನಮಗೆ, ಹಾಸಿಗೆಯ ಪಕ್ಕದ ಪಾಠ ಅವರಿಗೆ. ನಡುವೆ ನಿಂತ ಹುಡುಗಿ ಲೈಟು ಹಾಕುತ್ತಾಳೆ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಎಂಬ ನರ್ಸಿಂಗ್ ವಿದ್ವಾಂಸೆ 1984ರಲ್ಲೇ ವಾದಿಸಿದ್ದು ಇದನ್ನೇ: ಹೊಸಬಳಿಗೆ ನಿಯಮ ಗೊತ್ತಿರುತ್ತದೆ, ಕಣ್ಣೆದುರಿನ ಸಂದರ್ಭ ಓದಲು ಬರುವುದು ಅನುಭವದಿಂದ.

ನರ್ಸುಗಳ ಕೊರತೆಯಿದೆ, ಮೊದಲು ಸಂಖ್ಯೆ ಆಗಲಿ, ಗುಣ ಆಮೇಲೆ ನೋಡೋಣ ಎನ್ನುವವರಿದ್ದಾರೆ. ಜಾಂಬೋಟಿಯ ಕಾಡಿನಂಚಿನ ಹಳ್ಳಿಯಿಂದ ಮಳೆಯಲ್ಲಿ ಬಂದ ಬಸುರಿಗೆ ಆ ರಾತ್ರಿ ಸಿಗುವವಳು ಒಬ್ಬಳೇ ನರ್ಸು. ಅವಳಿಗೆ ಕೆಲಸ ಬಾರದಿದ್ದರೆ ನಿಮ್ಮ ಸಂಖ್ಯೆ ಆ ತಾಯಿಯ ಯಾವ ಉಪಯೋಗಕ್ಕೆ ಬಂತು? ಹಣವಿಲ್ಲ ಎನ್ನುವವರೂ ಇದ್ದಾರೆ. ಹೊಸ ಕಟ್ಟಡಕ್ಕೆ, ಅಮೃತಶಿಲೆಯ ಮೆಟ್ಟಿಲಿಗೆ ಹಣ ಹೇಗೆ ಬಂತೆಂದು ಅವರನ್ನೇ ಕೇಳಿ.

1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ಹೊಸ ಆಯೋಗದ ಕಾಯ್ದೆ ಮಾಡಿತು. ಕಾಯ್ದೆ ಬದಲಾದರೆ ಸಾಲದು. ಕಲಿಸುವ ಸಿಸ್ಟರನ್ನು ಶಿಕ್ಷಕಿಯೆಂದು ಲೆಕ್ಕಕ್ಕೆ ಹಿಡಿಯಿರಿ, ಭತ್ಯೆ ಕೊಡಿ. ಹೊಸ ಟ್ಯೂಟರಳನ್ನು ಒಂದು ವರ್ಷ ಅನುಭವಸ್ಥರ ಜೊತೆ ಬಿಡಿ. ಶಿಕ್ಷಕಿಯ ಕೈಯಿಂದ ಅಡ್ಮಿಶನ್ ಪುಸ್ತಕ ಕಿತ್ತುಕೊಂಡು ಅವಳನ್ನು ವಾರ್ಡಿಗೆ ಕಳಿಸಿ. ಖಾನಾಪುರಕ್ಕೆ ಹೋಗುವ ಹುಡುಗಿಗೆ ನೋವು, ನೀರು, ತಲೆಸುತ್ತು ಎಂಬುದಕ್ಕೆ ಅಲ್ಲಿನವರು ಏನೆನ್ನುತ್ತಾರೆಂದು ಬಸ್ಸು ಹತ್ತುವ ಮೊದಲೇ ಕಲಿಸಿ. ಮುಂದಿನ ಎಂ.ಎಸ್ಸಿ. ವಿದ್ಯಾರ್ಥಿನಿ ಪ್ರಶ್ನೆಪತ್ರಿಕೆ ಬಿಟ್ಟು ಹಾಸಿಗೆಯ ಪಕ್ಕ ನಿಂತು, ಆ ಹುಡುಗಿಯ ಕೈ ಏನು ಮಾಡುತ್ತದೆಂದು ನೋಡಿ ಬರೆಯಲಿ.

ನನ್ನ ಪ್ರಬಂಧ ಇನ್ನೂ ಆ ಕಪಾಟಿನಲ್ಲಿದೆ. ಅದರ ಕೊನೆಯ ಪುಟದಲ್ಲಿ ‘ಬೋಧನೆ ಪರಿಣಾಮಕಾರಿ’ ಎಂದಿದೆ. ಯಾರಾದರೂ ತೆಗೆದು ಓದಿದರೆ ಆ ಸಾಲನ್ನು ನಂಬಬೇಡಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.