ತಲೆಯೆತ್ತಿದವರೆಲ್ಲ ಡಿಬಾರ್?

ಮಕ್ಕಳ ಕಂಪ್ಯೂಟರ್ ಆಟದಲ್ಲಿ ನ್ಯಾಯ ಅನ್ಯಾಯ ಹುಡುಕುವುದು ಟೀಚರ್ ಕೆಲಸವೇ ಎಂದು ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ನಂಜನಗೂಡಿನ ಹುಡುಗನೊಬ್ಬ ಮೈನ್‌ಕ್ರಾಫ್ಟ್ ಆಟಕ್ಕೆ ಬಾಡಿಗೆ ಸರ್ವರ್ ಹಿಡಿದು, ತಿ. ನರಸೀಪುರದ ಕಡೆಯ ಗೆಳೆಯರನ್ನೂ ಸೇರಿಸಿಕೊಂಡು ಆಡಿಸುತ್ತಾನೆ. ಅಲ್ಲಿ ಅವನೇ ಪಂಚಾಯ್ತಿ, ಅವನೇ ಪೊಲೀಸು. ಮೋಸ ಹಿಡಿಯುವ ತಂತ್ರಾಂಶವನ್ನೂ ಹಾಕಿದ್ದಾನೆ. ಅನುಮಾನ ಬಂದ ತಕ್ಷಣ ಅದು ಆಟಗಾರನನ್ನು ಆಚೆ ದಬ್ಬುತ್ತದೆ. ಮತ್ತೆಂದೂ ಒಳಗೆ ಬಿಡುವುದಿಲ್ಲ. “ಮೋಸಗಾರರಿಗೆ ಹಾಗೇ ಆಗಬೇಕು ಮಿಸ್” ಎನ್ನುತ್ತಾನೆ. ನನ್ನ ತಕರಾರು ಇರುವುದು ಇಲ್ಲಿಯೇ.

ಯಂತ್ರ ನೋಡುವುದು ಬರೀ ಲೆಕ್ಕವನ್ನು. ಇಷ್ಟು ಹೊತ್ತಿನಲ್ಲಿ ಇಷ್ಟೇ ದೂರ ನಡೆಯಲು ಸಾಧ್ಯ, ಅದಕ್ಕೂ ಮೀರಿದರೆ ಮೋಸ. ಮೊಬೈಲಿನ ಹಾಟ್‌ಸ್ಪಾಟ್ ನಂಬಿ ಆಡುವ ಹಳ್ಳಿಯ ಹುಡುಗಿಯ ಸಿಗ್ನಲ್ ಕ್ಷಣಕಾಲ ತಡೆದು, ನಿಂತುಹೋದ ಹೆಜ್ಜೆಗಳೆಲ್ಲ ಒಮ್ಮೆಗೇ ಬಂದು ತಲುಪಿದರೆ, ಅವಳು ಹಾರಿದಂತೆಯೋ ಮಾಯದ ವೇಗದಲ್ಲಿ ಓಡಿದಂತೆಯೋ ಅದಕ್ಕೆ ಕಾಣಬಹುದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ದೋಷ ಟವರಿನದು, ಕಳ್ಳಿ ಎಂಬ ಹೆಸರು ಹುಡುಗಿಗೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ವಾಲ್ವ್ ಕಂಪನಿ 2010ರ ಜುಲೈನಲ್ಲಿ ಸುಮಾರು 12,000 ಆಟಗಾರರನ್ನು ತಪ್ಪಾಗಿ ನಿಷೇಧಿಸಿ, ಆಮೇಲೆ ಕ್ಷಮೆ ಕೇಳಿತು. ಹಾಗೆಂದು ಮೋಸವೇ ಇಲ್ಲವೆನ್ನಲೇ? 2018ರ ಅಕ್ಟೋಬರಿನಲ್ಲಿ ಶಾಂಘೈನ ಕೌಂಟರ್ ಸ್ಟ್ರೈಕ್ ಪಂದ್ಯದಲ್ಲಿ ನಮ್ಮ ದೇಶದ ಆಟಗಾರನೇ ಸಿಕ್ಕಿಬಿದ್ದ. ಗುರಿ ಹಿಡಿಸಿಕೊಡುವ ಕಳ್ಳ ಪ್ರೋಗ್ರಾಮಿಗೆ ‘ವರ್ಡ್’ ಎಂಬ ಸಭ್ಯ ಹೆಸರಿಟ್ಟಿದ್ದ. ಅಲ್ಲಿ ತೀರ್ಪುಗಾರರೇ ಕಂಪ್ಯೂಟರಿನ ಬಳಿ ಬಂದು ಪರೀಕ್ಷಿಸಿದರು. ಕಡತ ಕಣ್ಣಿಗೆ ಬಿತ್ತು, 5 ವರ್ಷದ ನಿಷೇಧವೂ ಆಯಿತು. ಯಾರೂ ಅದನ್ನು ಅನ್ಯಾಯವೆನ್ನಲಿಲ್ಲ.

ಸರ್ವರ್ ಇಟ್ಟಿರುವ ಮಕ್ಕಳಿಗೆ ನಾನು ಹೇಳುವುದಿಷ್ಟೇ. ಮೊದಲ ಅನುಮಾನಕ್ಕೆ ಆಟಗಾರನನ್ನು ಹಿಂದಿನ ಜಾಗಕ್ಕೆ ಎಳೆದು ನಿಲ್ಲಿಸಿ, ದಾಖಲೆ ಬರೆದುಕೊಳ್ಳುವಂತೆ ಯಂತ್ರವನ್ನು ಹೊಂದಿಸಿ. ಅದು ಮತ್ತೆ ಮತ್ತೆ ಆದರೆ ಆ ಹೊತ್ತಿಗೆ ಆಚೆ ಕಳಿಸಲಿ. ಕಾಯಂ ನಿಷೇಧ ಮಾತ್ರ ಮನುಷ್ಯನ ಕೈಯಲ್ಲಿರಲಿ. ನೆಲದೊಳಗಿನ ವಜ್ರವನ್ನು ಕದ್ದು ನೋಡುವ ಎಕ್ಸ್‌ರೇ ಮೋಸಕ್ಕೆ ‘ಪೇಪರ್’ ಎಂಬ ಸರ್ವರ್ ತಂತ್ರಾಂಶದಲ್ಲಿ ಒಳ್ಳೆಯ ತಡೆಯಿದೆ. ಅಗೆದು ಹೊರಗೆ ಕಾಣುವ ತನಕ ಅದಿರಿನ ನಿಜವಾದ ಜಾಗವನ್ನು ಅದು ಮರೆಮಾಡುತ್ತದೆ. ಅದನ್ನು ಆನ್ ಮಾಡಿಕೊಳ್ಳಿ. ಯಾರನ್ನೂ ಕಳ್ಳರೆನ್ನದೆ ಕಳ್ಳತನ ನಿಲ್ಲುತ್ತದೆ. ಇನ್ನೊಂದು ಮಾತು: ತಪಾಸಣೆಯಿಂದ ಬೇಕಾದವರಿಗೆ ವಿನಾಯಿತಿ ಕೊಡುವ ಅನುಕೂಲವೂ ಇಂಥ ತಂತ್ರಾಂಶಗಳಲ್ಲಿದೆ. ಅದನ್ನು ಸರ್ವರಿನ ಯಜಮಾನ ತನಗೂ ತನ್ನ ಆಪ್ತರಿಗೂ ಕೊಟ್ಟುಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಪರೀಕ್ಷಾ ಕೊಠಡಿಯಲ್ಲಿ ಎಷ್ಟೋ ವರ್ಷ ನಿಂತವಳು ನಾನು. ಉತ್ತರ ನೆನೆಯಲು ಸೂರು ನೋಡುವ ಮಗುವೂ ತಲೆಯೆತ್ತುತ್ತದೆ, ಪಕ್ಕದವನ ಹಾಳೆಗೆ ಇಣುಕುವವನೂ ತಲೆಯೆತ್ತುತ್ತಾನೆ. ಹತ್ತಿರ ಹೋಗಿ ನೋಡದೆ ಇಬ್ಬರನ್ನೂ ಡಿಬಾರ್ ಮಾಡುವುದು ಶಿಸ್ತಲ್ಲ, ಸೋಮಾರಿತನ. ಹತ್ತು ಹುಡುಗರ ಆಟದಲ್ಲೇ ವಿಚಾರಿಸದೆ ಶಿಕ್ಷಿಸಲು ಕಲಿತವನು, ನಾಳೆ ನೂರು ಜನರ ಮೇಲೆ ಅಧಿಕಾರ ಸಿಕ್ಕಾಗ ವಿಚಾರಿಸುತ್ತಾನೆಯೇ?